ಗಿಗ್ ಕಾರ್ಮಿಕರೇ, ಐಡಿ ಬ್ಲಾಕ್ ಆಗುವ ಮುನ್ನವೇ ದಾಖಲೆ ಇಟ್ಟುಕೊಳ್ಳಿ

ಆ್ಯಪ್ ನಂಬಿ ದುಡಿಯುವವರ ಕೆಲಸ ಹೋದಾಗ ಮಾಡಿದ ದುಡಿಮೆಯ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ಐಡಿ, ಅಂದರೆ ಆ್ಯಪ್‌ನಲ್ಲಿರುವ ನಿಮ್ಮ ಖಾತೆ, ಬ್ಲಾಕ್ ಆಯಿತೆಂದರೆ ಹಳೆಯ ಆರ್ಡರ್, ಪೇಔಟ್ (ದುಡಿಮೆಗೆ ಕಂಪನಿ ಕೊಟ್ಟ ಹಣ), ರೇಟಿಂಗ್ ಯಾವುದನ್ನೂ ತೆರೆದು ನೋಡಲಾಗದು. ಈಗ ಕಾನೂನು ಕಾರ್ಮಿಕರ ಪರವಾಗಿ ಒಂದಿಷ್ಟು ಮಾತಾಡುತ್ತಿದೆ. ರಾಜಸ್ಥಾನ 2023ರಲ್ಲೇ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಆದರೆ ಕೈಯಲ್ಲಿ ದಾಖಲೆ ಇಲ್ಲದವರಿಗೆ ಈ ಹಕ್ಕುಗಳನ್ನು ಬಳಸುವುದು ಕಷ್ಟ.

ಮೊದಲು ನೋಂದಣಿ ಮುಗಿಸಿ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ವಿವರ ಕೊಟ್ಟರೆ 12 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ. ರಾಜ್ಯದ ಕಾಯ್ದೆಯಡಿ ಕಾರ್ಮಿಕರ ಪಟ್ಟಿಯನ್ನು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡಬೇಕಾದದ್ದು ಕಂಪನಿ. ನಿಮ್ಮ ಹೆಸರು ಸೇರಿದೆಯೇ ಎಂದು ಕಂಪನಿಯನ್ನು ಕೇಳಿ. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಎರಡು ಮೂರು ಆ್ಯಪ್‌ಗಳಲ್ಲಿ ದುಡಿಯುವವರು ಪ್ರತಿಯೊಂದರಲ್ಲೂ ವಿಚಾರಿಸಬೇಕು.

ಇನ್ನು ಮುಖ್ಯ ಕೆಲಸ. ಆ್ಯಪ್‌ನಲ್ಲಿ 'ಒಪ್ಪುತ್ತೇನೆ' ಎಂದು ಒತ್ತುವ ಷರತ್ತುಗಳ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಷರತ್ತು ಬದಲಿಸುವುದಾದರೆ ಕಂಪನಿ 14 ದಿನ ಮೊದಲೇ ತಿಳಿಸಬೇಕು. ಹಳೆಯದು ನಿಮ್ಮ ಬಳಿ ಇದ್ದರೆ ತಾನೆ ಏನು ಬದಲಾಯಿತೆಂದು ತೋರಿಸಲು ಸಾಧ್ಯ? ವಾರಕ್ಕೊಮ್ಮೆ ಪೇಔಟ್ ವಿವರ, ಇನ್ಸೆಂಟಿವ್, ಕಡಿತ, ರೇಟಿಂಗ್ ಇವುಗಳ ಚಿತ್ರವನ್ನೂ ಉಳಿಸಿ. ಫೋನೊಂದರಲ್ಲೇ ಇಡಬೇಡಿ. ಫೋನ್ ಕಳೆದರೆ, ಒಡೆದರೆ ಎಲ್ಲವೂ ಹೋಯಿತು. ಮನೆಯವರ ಫೋನಿಗೂ ಕಳುಹಿಸಿಡಿ.

ಕಡಿತವನ್ನು ಸಾಲುಸಾಲಾಗಿ ನೋಡಿ. ಯಾವುದಕ್ಕೆ ಎಷ್ಟು ಹಣ ಮುರಿದುಕೊಂಡಿದ್ದಾರೆ ಎಂದು ಕಂಪನಿ ವಿವರಿಸಲೇಬೇಕು. ಕಾರ್ಮಿಕರ ಕಲ್ಯಾಣ ನಿಧಿಗಾಗಿ ಪ್ರತಿ ವಹಿವಾಟಿನ ಪೇಔಟ್ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಕಟ್ಟಬೇಕಾದದ್ದು ಕಂಪನಿ. ಆ ಹೆಸರಿನಲ್ಲಿ ನಿಮ್ಮ ದುಡ್ಡಿಗೆ ಕೈ ಹಾಕಿದ್ದರೆ ತಕ್ಷಣ ಪ್ರಶ್ನಿಸಿ.

ಇಷ್ಟರ ಮೇಲೂ ಐಡಿ ಬ್ಲಾಕ್ ಆದರೆ? ಟೀಮ್ ಲೀಡರ್‌ಗೆ ಫೋನ್ ಮಾಡಿ ಬೇಡಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ಹೊಟ್ಟೆಪಾಡು ಹಾಗೆ ಮಾಡಿಸುತ್ತದೆ. ಜೊತೆಗೆ ಅದೇ ದಿನ ಒಂದು ಇಮೇಲ್ ಅಥವಾ ಆ್ಯಪ್‌ನ ಸಹಾಯ ವಿಭಾಗದಲ್ಲಿ ಒಂದು ಸಂದೇಶ ಕಳುಹಿಸಿ. ಬ್ಲಾಕ್ ಆದ ದಿನ, ವೇಳೆ ಬರೆದು, 'ಕಾರಣವನ್ನು ಲಿಖಿತವಾಗಿ ತಿಳಿಸಿ' ಎಂದು ಕೇಳಿ. ಸಾಮಾನ್ಯವಾಗಿ ಕೆಲಸದಿಂದ ತೆಗೆಯಲು ಲಿಖಿತ ಕಾರಣವೂ 14 ದಿನಗಳ ಮುನ್ಸೂಚನೆಯೂ ಬೇಕು. ರೇಟಿಂಗ್ ಕಡಿಮೆ ಎಂದರೆ, ಅದನ್ನು ಲೆಕ್ಕ ಹಾಕಿದ್ದು ಹೇಗೆ ಎಂದೂ ಕೇಳಬಹುದು. ಕಂಪ್ಯೂಟರ್ ತೀರ್ಮಾನಿಸಿತು ಎಂಬ ಉತ್ತರ ಸಾಲದು; ಕಾರ್ಮಿಕರ ಪ್ರಶ್ನೆಗೆ ಉತ್ತರಿಸಲು ಒಬ್ಬ ಮನುಷ್ಯ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ. 50ಕ್ಕಿಂತ ಹೆಚ್ಚು ಗಿಗ್ ಕಾರ್ಮಿಕರಿರುವ ಕಂಪನಿಯಲ್ಲಿ ವ್ಯಾಜ್ಯ ಪರಿಹಾರಕ್ಕೆ ಆಂತರಿಕ ಸಮಿತಿ ಕಡ್ಡಾಯ. ಅಲ್ಲಿಗೆ ದೂರು ಕೊಡಿ. ಮುಂದಿನ ದಾರಿ ತಿಳಿಯಲು ಕಾರ್ಮಿಕ ಇಲಾಖೆಯ ಸಹಾಯವಾಣಿ 155214 ಇದೆ.

ಡೆಲಿವರಿ ಮಾಡುವವರಿಗೆ ಇನ್ನೊಂದು ಕೆಲಸ ಬಾಕಿ ಇದೆ. 18ರಿಂದ 60 ವರ್ಷದವರು ರಾಜ್ಯ ಸರ್ಕಾರದ ವಿಮಾ ಯೋಜನೆಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಗಾಯಗೊಂಡರೆ 1 ಲಕ್ಷದವರೆಗೆ ಆಸ್ಪತ್ರೆ ವೆಚ್ಚ. ನೋಂದಾಯಿಸಿ ಸುಮ್ಮನಿರಬೇಡಿ. ಪರಿಹಾರಕ್ಕೆ ಅರ್ಜಿ ಹಾಕಬೇಕಾಗಿ ಬರುವುದು ಹೆಂಡತಿಗೋ ಅಪ್ಪ-ಅಮ್ಮನಿಗೋ. ನೋಂದಣಿ ಪತ್ರದ ಪ್ರತಿ ಅವರಿಗೆ ಕೊಟ್ಟು, ಎಲ್ಲಿ ಅರ್ಜಿ ಹಾಕಬೇಕೆಂದು ಇವತ್ತೇ ಹೇಳಿಡಿ.