ಮೂರು ಭಾಷೆ ಬರುತ್ತಾ? ಕೋಲಾರದಲ್ಲೇ ಕೂತು ಆನ್‌ಲೈನ್ ಕೆಲಸ ಶುರು ಮಾಡುವುದು ಹೀಗೆ

ಬಂಗಾರಪೇಟೆ ಸ್ಟೇಷನ್‌ಗೆ ಒಂದು ದಿನ ಬೆಳಿಗ್ಗೆ ಹೋಗಿ ನೋಡಿ. ಬೆಂಗಳೂರಿನ ರೈಲಿಗೆ ಕಾಯುವವರಲ್ಲಿ ಅರ್ಧಕ್ಕರ್ಧ ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಬ್ಯಾಗಿನಲ್ಲಿ ಊಟದ ಡಬ್ಬಿ, ಕೈಯಲ್ಲಿ ಫೋನು. ರಾತ್ರಿ ಮನೆಗೆ ಬರುವ ಹೊತ್ತಿಗೆ ಮಾತಾಡಲೂ ತ್ರಾಣ ಇರುವುದಿಲ್ಲ. ನಾಲ್ಕು ವರ್ಷ ನಾನೂ ಹಾಗೇ ಓಡಾಡಿದೆ.

ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಯಿಂದ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಣ್ಣ, ಮಗು ಇನ್ನೂ ಚಿಕ್ಕದು, ಬೆಂಗಳೂರಿಗೆ ಓಡಾಡೋಕೆ ಆಗಲ್ಲ. ಆನ್‌ಲೈನಲ್ಲಿ ಏನಾದ್ರೂ ಕೆಲಸ ಇದ್ರೆ ಹೇಳಣ್ಣ" ಅಂದಳು. ನಿನಗೆ ಏನು ಬರುತ್ತೆ ಅಂತ ಕೇಳಿದೆ. "ಏನೂ ಬರಲ್ಲಣ್ಣ, ಬಿ.ಕಾಂ ಆಗಿದೆ ಅಷ್ಟೆ" ಅಂದಳು. ಅದೇ ಹತ್ತು ನಿಮಿಷದಲ್ಲಿ ನನ್ನ ಹತ್ತಿರ ಕನ್ನಡ, ಒಳಗಿದ್ದ ಅತ್ತೆ ಹತ್ತಿರ ತೆಲುಗು, ಬಾಗಿಲಿಗೆ ಬಂದ ಹಾಲಿನವರ ಹತ್ತಿರ ತಮಿಳು ಮಾತಾಡಿದಳು. ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರೂ ಒಂದು ಕೆಲಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಆನ್‌ಲೈನ್ ಫ್ರೀಲಾನ್ಸ್ ಕೆಲಸದಲ್ಲಿ ಇದಕ್ಕೆ ದುಡ್ಡು ಕೊಡುವವರು ಇದ್ದಾರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ರೀಲಾನ್ಸ್ ಅಂದರೆ ತಿಂಗಳ ಸಂಬಳ ಇಲ್ಲ. ಈ ಕೆಲಸಕ್ಕೆ ಇಷ್ಟು ಅಂತ ಮಾತಾಡಿಕೊಂಡು, ಮಾಡಿಕೊಟ್ಟು, ದುಡ್ಡು ತೆಗೆದುಕೊಳ್ಳುವುದು. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಮೊದಲ ಎರಡು ಮೂರು ತಿಂಗಳು ಕೈಗೆ ಏನೂ ಬರದೆಯೂ ಇರಬಹುದು. ಹಾಗಾಗಿ ಈಗಿರುವ ಕೆಲಸವನ್ನು ಬಿಟ್ಟು ಇದಕ್ಕೆ ಇಳಿಯಬೇಡಿ.

ಮೊದಲು ಇದೊಂದು ಗೊತ್ತಿರಲಿ

ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಬಾರದು. ನೋಂದಣಿ ಶುಲ್ಕ, ಟ್ರೇನಿಂಗ್ ಶುಲ್ಕ, ವಾಪಸ್ ಕೊಡುವ ಡೆಪಾಸಿಟ್, ಹೆಸರು ಏನೇ ಇರಲಿ, ಕೇಳಿದರು ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ರೈಲಿನ ಓಡಾಟ ಬಿಟ್ಟ ಹೊಸದರಲ್ಲಿ "ಮನೆಯಲ್ಲೇ ಡೇಟಾ ಎಂಟ್ರಿ" ಅಂತ ಜಾಹೀರಾತು ನೋಡಿ ನಾನು 2,500 ರೂಪಾಯಿ ಕಟ್ಟಿದೆ. ಮಸುಕು ಮಸುಕಾದ ಪುಟಗಳ ಫೋಟೊ ಕಳಿಸಿದರು, ಐದು ದಿನದಲ್ಲಿ ಟೈಪ್ ಮಾಡಿ ಕೊಡಬೇಕು ಅಂದರು. ನಿದ್ದೆಗೆಟ್ಟು ಮುಗಿಸಿ ಕಳಿಸಿದೆ. ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೇಸ್ ಹಾಕುತ್ತೇವೆ ಅಂತ ವಕೀಲರ ಹೆಸರಿನಲ್ಲಿ ನೋಟಿಸ್ ಬಂತು. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಪರಿಚಯದ ವಕೀಲರೊಬ್ಬರಿಗೆ ತೋರಿಸಿದಾಗ ಅದು ನಕಲಿ ನೋಟಿಸ್, ಹೆದರಿಸಿ ದುಡ್ಡು ಕೀಳುವ ದಂಧೆ ಅಂತ ಗೊತ್ತಾಯಿತು. ಈಗಲೂ ನಮ್ಮ ಊರಿನ ಹುಡುಗರು ಇಂಥ ನೋಟಿಸ್ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಟೆಲಿಗ್ರಾಂ ಗುಂಪುಗಳ ಮೋಸ. ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರಿವ್ಯೂ ಬರೆಯಿರಿ ಅಂತ ಹೇಳಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಇಷ್ಟು ಕಟ್ಟಿದರೆ ಇಷ್ಟು ಬರುತ್ತದೆ ಅಂತ ಶುರು ಮಾಡುತ್ತಾರೆ. ದುಡ್ಡು ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ, ದುಡ್ಡನ್ನು ಮಧ್ಯದಲ್ಲೇ ತಡೆಯುವ ಅವಕಾಶ ಅಷ್ಟು ಜಾಸ್ತಿ.

ಯಾವ ಕೆಲಸ ಹಿಡಿಯಬೇಕು?

ಹತ್ತು ಕೆಲಸ ಬರುತ್ತೆ ಅಂತ ಹಾಕಿಕೊಳ್ಳಬೇಡಿ. ಒಂದನ್ನು ಹಿಡಿಯಿರಿ. ಡಿಸೈನ್, ವಿಡಿಯೊ ಎಡಿಟಿಂಗ್, ವೆಬ್‌ಸೈಟ್ ಮಾಡುವುದು, ಲೆಕ್ಕಪತ್ರ ಬರೆಯುವುದು ಎಲ್ಲಕ್ಕೂ ಬೇಡಿಕೆ ಇದೆ, ಬಂದರೆ ಅದನ್ನೇ ಮಾಡಿ. ಏನೂ ಬರಲ್ಲ ಅನ್ನುವವರು ಭಾಷೆಯಿಂದ ಶುರು ಮಾಡಿ ಅನ್ನುವುದು ನನ್ನ ಮಾತು. ಆಡಿಯೊ ಕೇಳಿ ಬರೆದುಕೊಡುವುದು, ವಿಡಿಯೊಗೆ ಸಬ್‌ಟೈಟಲ್ ಹಾಕುವುದು, ಅನುವಾದ, ಮಷಿನ್ ಮಾಡಿದ ಅನುವಾದವನ್ನು ತಿದ್ದುವುದು, ವಾಕ್ಯ ಓದಿ ದನಿ ರೆಕಾರ್ಡ್ ಮಾಡಿ ಕೊಡುವುದು. ಈ ಕೊನೆಯದನ್ನು ಒಪ್ಪುವ ಮುಂಚೆ ಕರಾರನ್ನು ಪೂರ್ತಿ ಓದಿ. ನಿಮ್ಮ ದನಿಯನ್ನು ಅವರು ಯಾವುದಕ್ಕೆ ಬಳಸುತ್ತಾರೆ ಅಂತ ಅದರಲ್ಲಿ ಬರೆದಿರಬೇಕು.

ಈ ಕೆಲಸ ನೋಡಲು ಸುಲಭ, ಮಾಡಲು ಕೂತಾಗ ಗೊತ್ತಾಗುತ್ತದೆ. ನಮ್ಮ ಎಪಿಎಂಸಿಯಲ್ಲಿ ರೈತರೊಬ್ಬರು ಕ್ಯಾಮೆರಾ ಮುಂದೆ ಹೀಗೆ ಹೇಳಿದರು ಅಂತ ಇಟ್ಟುಕೊಳ್ಳಿ: "ಈ ಸಲ ಟಮೋಟ ರೇಟು ಬಿದ್ದೋಯ್ತು ಸಾರ್, ಬಾಕ್ಸಿಗೆ ನೂರೂ ಸಿಗ್ಲಿಲ್ಲ." ಇದನ್ನು ಆಡಿದ ಹಾಗೇ "ಬಿದ್ದೋಯ್ತು" ಅಂತ ಬರೆಯಬೇಕಾ, ತಿದ್ದಿ "ಬಿದ್ದುಹೋಯಿತು" ಅಂತ ಬರೆಯಬೇಕಾ? ಎರಡೂ ಸರಿಯೇ, ಕ್ಲೈಂಟ್‌ಗೆ, ಅಂದರೆ ಕೆಲಸ ಕೊಟ್ಟವರಿಗೆ, ಯಾವುದು ಬೇಕು ಅಂತ ಶುರುವಿನಲ್ಲೇ ಕೇಳಿಕೊಳ್ಳಬೇಕು. ಇಂಗ್ಲಿಷ್ ಸಬ್‌ಟೈಟಲ್ ಆದರೆ ಇನ್ನೊಂದು ತೊಡಕು. ಸುಮ್ನೆ ಬಾಕ್ಸ್ ಅಂತ ಹಾಕಿದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಮಂಡಿಯಲ್ಲಿ ಬಾಕ್ಸ್ ಅಂದರೆ 15 ಕೆ.ಜಿ. ಅದು ನಿಮಗೆ ಗೊತ್ತು, ಮಷಿನ್‌ಗೆ ಗೊತ್ತಿಲ್ಲ. ಮಧ್ಯದಲ್ಲಿ ಅವರು ಪಕ್ಕದವರಿಗೆ ತೆಲುಗಿನಲ್ಲಿ ಏನೋ ಹೇಳಿ ಮತ್ತೆ ಕನ್ನಡಕ್ಕೆ ಬಂದರು ಅಂದರೆ ಮಷಿನ್ ಅಲ್ಲೇ ಎಡವುತ್ತದೆ. ನೀವು ಎಡವುವುದಿಲ್ಲ, ಅಲ್ವಾ? ನಿಮ್ಮ ಬೆಲೆ ಇರುವುದು ಇಲ್ಲೇ. ಹಾಗಾಗಿ ಗೂಗಲ್ ಅನುವಾದವನ್ನು ಹಾಗೇ ಎತ್ತಿ ಕೊಡಬೇಡಿ. ಅಷ್ಟು ಮಾತ್ರ ಬೇಕಿದ್ದರೆ ಅವರೇ ಮಾಡಿಕೊಳ್ಳುತ್ತಿದ್ದರು.

ಕನ್ನಡ ಟೈಪಿಂಗ್‌ನಲ್ಲಿ ಒಂದು ತೊಡಕು

ಡಿಟಿಪಿ ಸೆಂಟರಿನಲ್ಲಿ ಕೆಲಸ ಮಾಡಿದವರು ಇದನ್ನು ಗಮನವಿಟ್ಟು ಓದಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದೇ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತದೆ. ಆನ್‌ಲೈನ್ ಕೆಲಸಕ್ಕೆ ಯೂನಿಕೋಡ್, ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ, ಬೇಕೇ ಬೇಕು. ಪರೀಕ್ಷೆ ಮಾಡುವುದು ಸುಲಭ: ಟೈಪ್ ಮಾಡಿದ್ದನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಫೋನಿನಲ್ಲಿ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ, ಬೆರಳಿಗೆ ರೂಢಿಯಾದ ಕೀಲಿಗಳನ್ನು ಬಿಡಬೇಕಾಗಿಲ್ಲ.

ಲ್ಯಾಪ್‌ಟಾಪ್ ಹೊಸದೇ ಬೇಕು ಅಂತೇನಿಲ್ಲ. 8 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಸಾಕು, ಬ್ಯಾಟರಿ ಮಾತ್ರ ಚೆನ್ನಾಗಿರಲಿ, ಏಕೆಂದರೆ ಕರೆಂಟ್ ಹೋಗುವುದು ಕೆಲಸ ಕೊಡಬೇಕಾದ ಗಂಟೆಯಲ್ಲೇ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಳ್ಳಿ. ಸಬ್‌ಟೈಟಲ್‌ಗೆ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶ ಉಚಿತ.

ಮುಚ್ಚಿದ ಬಾಕ್ಸ್ ಯಾರೂ ಕೊಳ್ಳುವುದಿಲ್ಲ

ಮಂಡಿಯಲ್ಲಿ ಹರಾಜು ನಡೆಯುವಾಗ ವ್ಯಾಪಾರಿಗಳು ಕೈಹಾಕಿ ಕಾಯಿ ಎತ್ತಿ ನೋಡುತ್ತಾರೆ. ಅದೇ ರೀತಿ ನಿಮ್ಮ ಕೆಲಸ ನೋಡಲು ಸಿಗಬೇಕು. ಯಾರೂ ಕೆಲಸ ಕೊಟ್ಟಿಲ್ಲ, ಏನು ತೋರಿಸುವುದು ಅಂತ ಎಲ್ಲರೂ ಕೇಳುತ್ತಾರೆ. ನೀವೇ ಮಾಡಿ. ಅಜ್ಜಿ ಹತ್ತಿರ ಐದು ನಿಮಿಷ ಮಾತಾಡಿಸಿ, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಬರೆದು, ಇಂಗ್ಲಿಷ್‌ಗೆ ಅನುವಾದಿಸಿ. ಮೂರು ನಿಮಿಷದ ವಿಡಿಯೊ ತೆಗೆದು ಸಬ್‌ಟೈಟಲ್ ಹಾಕಿ. ಒಂದು ಸಲಕ್ಕೆ ಪರದೆ ಮೇಲೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಓದಿ ಮುಗಿಸುವಷ್ಟು ಹೊತ್ತು ಅದು ನಿಲ್ಲಬೇಕು. ಮಾಡಿದ್ದನ್ನು ಒಂದು ದಿನ ಬಿಟ್ಟು ಮತ್ತೆ ನೋಡಿ, ತಪ್ಪುಗಳು ತಾವಾಗಿಯೇ ಕಣ್ಣಿಗೆ ಹೊಡೆಯುತ್ತವೆ. ಇಂಥ ಮೂರು ಸ್ಯಾಂಪಲ್ ಗೂಗಲ್ ಡ್ರೈವ್‌ಗೆ ಹಾಕಿಟ್ಟರೆ ಸಾಕು.

ಆಮೇಲೆ ಖಾತೆ ತೆರೆಯಿರಿ. ಅಪ್‌ವರ್ಕ್, ಫೈವರ್ ಹೆಚ್ಚು ಜನ ಬಳಸುವ ಜಾಲತಾಣಗಳು. ಅಪ್‌ವರ್ಕ್‌ನಲ್ಲಿ ಕ್ಲೈಂಟ್ ಕೆಲಸ ಹಾಕುತ್ತಾರೆ, ನೀವು ಪ್ರಪೋಸಲ್, ಅಂದರೆ ಆ ಕೆಲಸ ಕೇಳಿ ಬರೆಯುವ ಪತ್ರ, ಕಳಿಸುತ್ತೀರಿ. ಫೈವರ್‌ನಲ್ಲಿ ಉಲ್ಟಾ, ನೀವು ಅಂಗಡಿ ಇಡುತ್ತೀರಿ, ಅವರು ಹುಡುಕಿಕೊಂಡು ಬರುತ್ತಾರೆ. ಎರಡೂ ಕಮಿಷನ್ ಹಿಡಿಯುತ್ತವೆ. ಫೈವರ್ 20%, ಅಂದರೆ ಸಾವಿರಕ್ಕೆ ನಿಮಗೆ ಉಳಿಯುವುದು 800. ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ, ಒಪ್ಪುವ ಮುಂಚೆಯೇ ತೋರಿಸುತ್ತಾರೆ. ಅಲ್ಲಿ ಪ್ರಪೋಸಲ್ ಕಳಿಸಲು ಕನೆಕ್ಟ್ಸ್ ಎಂಬ ಟೋಕನ್ ಖರ್ಚಾಗುತ್ತದೆ. ಸ್ವಲ್ಪ ಉಚಿತವಾಗಿ ಸಿಗುತ್ತವೆ, ಮುಗಿದರೆ ಕೊಳ್ಳಬೇಕು. ಕೆಲಸ ಕೊಡುವವರು ದುಡ್ಡು ಕೇಳುವುದೇ ಬೇರೆ, ಜಾಲತಾಣದ ಈ ಖರ್ಚೇ ಬೇರೆ. ಆದರೂ ಕೈ ಹಿಡಿದು ಬಳಸಿ, ಕಂಡ ಕಂಡ ಕೆಲಸಕ್ಕೆಲ್ಲ ಸುರಿಯಬೇಡಿ. ಖಾತೆಗೆ 18 ವರ್ಷ ತುಂಬಿರಬೇಕು. ಹೆಸರು ಗುರುತಿನ ಚೀಟಿಯಲ್ಲಿ, ಬ್ಯಾಂಕಿನಲ್ಲಿ ಇರುವಂತೆಯೇ ಇರಲಿ. ಒಂದು ಇನಿಷಿಯಲ್ ಹೆಚ್ಚು ಕಡಿಮೆಯಾದರೂ ದುಡ್ಡು ತೆಗೆಯುವಾಗ ತಲೆನೋವು.

ಪ್ರಪೋಸಲ್‌ನಲ್ಲಿ "ನಾನು ಶ್ರಮಜೀವಿ, ದಯವಿಟ್ಟು ಅವಕಾಶ ಕೊಡಿ" ಅಂತ ಬರೆಯಬೇಡಿ. ಅವರು ಹಾಕಿರುವ ಕೆಲಸವನ್ನು ಎರಡು ಸಲ ಓದಿ, ಅದರ ಬಗ್ಗೆಯೇ ಮೊದಲ ಸಾಲು ಬರೆಯಿರಿ. ಸರಳ ಇಂಗ್ಲಿಷ್ ಸಾಕು. ಅದರ ಸಾರ ಹೀಗಿರಲಿ: "ನಿಮ್ಮ ಆಡಿಯೊದಲ್ಲಿ ಕನ್ನಡ, ತೆಲುಗು ಎರಡೂ ಬೆರೆತಿದೆ ಅಂದಿದ್ದೀರಿ. ನಾನು ಆಂಧ್ರದ ಗಡಿಯ ಜಿಲ್ಲೆಯವಳು, ಎರಡೂ ಮನೆಯಲ್ಲಿ ಆಡುವ ಭಾಷೆ. ಇಂಥದೇ ಐದು ನಿಮಿಷದ ಸ್ಯಾಂಪಲ್ ಇಲ್ಲಿದೆ. 30 ನಿಮಿಷದ ಫೈಲನ್ನು ಎರಡು ದಿನದಲ್ಲಿ ಕೊಡುತ್ತೇನೆ. ತೆಲುಗು ಭಾಗವನ್ನು ತೆಲುಗು ಲಿಪಿಯಲ್ಲಿ ಬರೆಯಬೇಕಾ, ಕನ್ನಡದಲ್ಲಾ?" ಕೊನೆಯ ಆ ಪ್ರಶ್ನೆ ಇದೆಯಲ್ಲ, ಅದನ್ನು ನೋಡಿಯೇ ಕೆಲಸ ತಿಳಿದವರು ಅಂತ ಅವರಿಗೆ ಗೊತ್ತಾಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತು ಆದಾಗ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಆ ಹೊತ್ತಿನಲ್ಲಿ ಉತ್ತರ ಕೊಡಲು ಸಿಗುವಂತಿರಿ.

ದರ ಮತ್ತು ದುಡ್ಡು

ದರ ಹೇಳುವ ಮುಂಚೆ ಗಡಿಯಾರ ಇಟ್ಟುಕೊಂಡು ಒಂದು ಸ್ಯಾಂಪಲ್ ಮಾಡಿ. ಹತ್ತು ನಿಮಿಷದ ಆಡಿಯೊ ಬರೆದು ತಿದ್ದಲು 80 ನಿಮಿಷ ಹಿಡಿಯಿತು ಅನ್ನಿ. ಹೊಸಬರಿಗೆ ಅಷ್ಟು ಹಿಡಿಯುವುದು ಸಹಜ. ಗಂಟೆಗೆ 150 ರೂಪಾಯಿ ಬೇಕು ಅಂದುಕೊಂಡರೆ ಆ ಹತ್ತು ನಿಮಿಷಕ್ಕೆ 200 ಆಯಿತು. 20% ಕಮಿಷನ್ ಹೋಗಿಯೂ 200 ಕೈಗೆ ಬರಬೇಕು ಅಂದರೆ 250 ಹೇಳಬೇಕು. ಈ ಲೆಕ್ಕ ಹಾಕದೆ ಪಕ್ಕದವರಿಗಿಂತ ಕಡಿಮೆ ಅಂತ ಬಾಯಿಗೆ ಬಂದದ್ದು ಹೇಳಿದರೆ ಕೈ ಕಚ್ಚುತ್ತದೆ. ಮೊದಲ ಒಂದೆರಡು ಕೆಲಸಕ್ಕೆ ರಿವ್ಯೂಗಾಗಿ ಸ್ವಲ್ಪ ಇಳಿಸಬಹುದು, ಪುಕ್ಕಟೆ ಮಾತ್ರ ಬೇಡ.

ಅಪ್‌ವರ್ಕ್‌ನಲ್ಲಿ ಇಷ್ಟು ಕೆಲಸಕ್ಕೆ ಇಷ್ಟು ಅಂತ ಒಪ್ಪಂದ ಆದಾಗ ಕ್ಲೈಂಟ್ ಆ ದುಡ್ಡನ್ನು ಮೊದಲೇ ಜಾಲತಾಣದ ಬಳಿ ಇಡುತ್ತಾರೆ. ಎಸ್ಕ್ರೋ ಅನ್ನುತ್ತಾರೆ ಅದಕ್ಕೆ. ದುಡ್ಡು ಅಲ್ಲಿಗೆ ಬಂದದ್ದು ಕಣ್ಣಾರೆ ನೋಡದೆ ಕೆಲಸ ಶುರು ಮಾಡಬೇಡಿ. ನೀವು ಕೆಲಸ ಸಲ್ಲಿಸಿದ ಮೇಲೆ ಅವರು 14 ದಿನ ಏನೂ ಹೇಳದಿದ್ದರೆ ದುಡ್ಡು ತಾನಾಗಿಯೇ ಬಿಡುಗಡೆ ಆಗುತ್ತದೆ. ಫೈವರ್‌ನಲ್ಲಿ ಹೊಸಬರಿಗೆ ಆರ್ಡರ್ ಮುಗಿದ ಮೇಲೂ 14 ದಿನ ಕಾಯಬೇಕು. ಆ ದುಡ್ಡನ್ನು ನಂಬಿ ಈ ತಿಂಗಳ ಚೀಟಿ ಕಟ್ಟುತ್ತೇನೆ ಅಂದುಕೊಳ್ಳಬೇಡಿ. "ಕಮಿಷನ್ ಉಳಿಯುತ್ತೆ, ವಾಟ್ಸ್ಆ್ಯಪ್‌ಗೆ ಬನ್ನಿ, ಗೂಗಲ್ ಪೇ ಮಾಡ್ತೀನಿ" ಅನ್ನುವವರು ಸಿಗುತ್ತಾರೆ. ಹೋಗಬೇಡಿ. ಖಾತೆ ಬಂದ್ ಆಗುತ್ತದೆ, ದುಡ್ಡು ಬರದಿದ್ದರೆ ಕೇಳುವವರೂ ಇರುವುದಿಲ್ಲ.

ದುಡ್ಡು ಹೊರದೇಶದಿಂದ ಬಂತು ಅನ್ನುವುದಕ್ಕೆ ಬ್ಯಾಂಕಿನಿಂದ ಒಂದು ದಾಖಲೆ ಸಿಗುತ್ತದೆ, ಎಫ್‌ಐಆರ್‌ಎ ಅನ್ನುತ್ತಾರೆ. ಪ್ರತಿಯೊಂದನ್ನೂ ಒಂದು ಫೋಲ್ಡರ್‌ನಲ್ಲಿ ಎತ್ತಿಡಿ. ಪ್ಯಾನ್ ಕಾರ್ಡ್ ಬೇಕು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ತೆರಿಗೆ ಬೀಳದಿದ್ದರೂ ಐಟಿ ರಿಟರ್ನ್ಸ್ ಹಾಕಿ. ಸಂಬಳದ ಚೀಟಿ ಇಲ್ಲದ ನಮ್ಮಂಥವರಿಗೆ ನಾಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವುದು ಅದನ್ನೇ.

ಬರೀ ಹೊರದೇಶದ ಕಡೆಗೇ ನೋಡಬೇಡಿ. ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್‌ನಲ್ಲಿ ನೇರ ಮಾರುವ ರೈತರಿಗೆ ಮೂರು ಭಾಷೆಯ ಪೋಸ್ಟರ್ ಬೇಕಾಗಬಹುದು, ಕೋಲಾರದ ಯೂಟ್ಯೂಬ್ ಮಾಡುವವರಿಗೆ ಸಬ್‌ಟೈಟಲ್ ಬೇಕಾಗಬಹುದು. ಇವರ ಹತ್ತಿರ ಅರ್ಧ ಮುಂಗಡ ತೆಗೆದುಕೊಳ್ಳಿ. ಏನು ಕೆಲಸ, ಎಷ್ಟು ದುಡ್ಡು, ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನು ಒಂದು ಮೆಸೇಜಿನಲ್ಲಿ ಬರೆದು, ಅವರಿಂದ "ಆಯ್ತು" ಅನ್ನಿಸಿಕೊಳ್ಳಿ. ನೆಂಟರಾದರೂ ಸರಿ. ನೆಂಟರಾದರೆ ಇನ್ನೂ ಮುಖ್ಯ.

ಚಿಕ್ಕಮ್ಮನ ಮಗಳು ಅವರ ಅತ್ತೆಯ ಮಾತನ್ನೇ ರೆಕಾರ್ಡ್ ಮಾಡಿ ಸ್ಯಾಂಪಲ್ ಮಾಡಿದಳು, ಮಗು ಮಲಗಿದ ಮೇಲೆ ದಿನಾ ಒಂದೊಂದು ಗಂಟೆ ಕೂತು. ಹತ್ತು ಪ್ರಪೋಸಲ್‌ಗೆ ಉತ್ತರವೇ ಬರಲಿಲ್ಲ. ಹನ್ನೊಂದನೆಯದಕ್ಕೆ ನಿನ್ನೆ ರಾತ್ರಿ ಬಂದಿದೆ, ಕನ್ನಡ ತೆಲುಗು ಬೆರೆತ 18 ನಿಮಿಷದ ಆಡಿಯೊ. "ಎಷ್ಟು ಹೇಳ್ಲಣ್ಣ?" ಅಂತ ಮೆಸೇಜ್ ಹಾಕಿದ್ದಳು. ಸ್ಯಾಂಪಲ್ ಮಾಡಲು ನಿನಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ಮೊದಲು ಹೇಳು ಅಂದಿದ್ದೇನೆ.