ಸ್ಕ್ರೀನ್ ಲಾಕ್ ಕೆಟ್ಟು ಕೂತರೆ ಪವರ್ ಬಟನ್ ಮುಟ್ಟಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಅಲ್ಲಿಂದ ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಹಳೇ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುವ ಕೆಲಸ ನನ್ನ ತಲೆಗೇ ಬಿದ್ದಿದೆ. ತಪಕೀರ್ ಗಲ್ಲಿಯಿಂದ ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ತಂದು ಹಾಕಿದರೆ ಎಂಟು ವರ್ಷದ ಮಷಿನ್ ಕೂಡ ಚೆನ್ನಾಗಿ ಓಡುತ್ತದೆ. ಆದರೆ ಆಮೇಲೆ ಬರುವ ಫೋನ್‌ಗಳಲ್ಲಿ ಒಂದು ದೂರು ಮಾತ್ರ ಪದೇ ಪದೇ: ಸ್ಕ್ರೀನ್ ಲಾಕ್ ಆಗಿತ್ತು, ಮೌಸ್ ಅಲ್ಲಾಡಿಸಿದರೆ ಕಪ್ಪು ಪರದೆ, ಅದರ ಮೇಲೆ ಏನೋ ಇಂಗ್ಲಿಷ್ ಬರಹ, ಪಾಸ್‌ವರ್ಡ್ ಹಾಕುವ ಜಾಗವೇ ಇಲ್ಲ.

ಮೇಲಿನ ಮನೆಯ ವಿಜಯಪುರದ ಕಾಕಾ ಫೋನ್ ಕೂಡ ಮಾಡಲಿಲ್ಲ. ಪವರ್ ಬಟನ್ ಒತ್ತಿ ಹಿಡಿದರು. "ಬಂದ್ ಮಾಡಿ ಚಾಲೂ ಮಾಡಿದೆ ನೋಡವಾ, ಸರಿ ಹೋತು" ಅಂತ ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. ಸರಿ ಹೋಗಿದ್ದು ಲಾಕ್. ಸೊಸೈಟಿಯ ಮೆಂಟೆನೆನ್ಸ್ ಲೆಕ್ಕದ ಶೀಟ್, ಸೇವ್ ಮಾಡದೆ ಬಿಟ್ಟಿದ್ದು, ಎರಡು ತಾಸಿನ ಕೆಲಸ, ಹೋಯಿತು.

ಹಾಗಾಗಿ ಮೊದಲ ಹೆಜ್ಜೆ: ಪವರ್ ಬಟನ್ ಮುಟ್ಟಬೇಡಿ. ಕೆಟ್ಟಿರುವುದು ಬೀಗದ ಪ್ರೋಗ್ರಾಂ, ಅಂದರೆ ಲಾಕರ್ ಮಾತ್ರ. ಒಳಗೆ ನಿಮ್ಮ ಶೀಟ್, ಬ್ರೌಸರ್ ಎಲ್ಲ ಬದುಕಿವೆ.

ಬೀಗ ಕೆಟ್ಟರೆ ತೆರೆದುಕೊಳ್ಳಬಾರದಾ ಅಂತ ಕೇಳುತ್ತಾರೆ. ತೆರೆದುಕೊಳ್ಳಬಾರದು! ಲಿನಕ್ಸ್‌ನಲ್ಲಿ ಪರದೆ ಮೇಲೆ ಎಲ್ಲವನ್ನೂ ತೋರಿಸುವ ಹಳೇ ವ್ಯವಸ್ಥೆ ಎಕ್ಸ್11. ಅದರಲ್ಲಿ ಲಾಕರ್ ಅಂದರೆ ಎಲ್ಲದರ ಮೇಲೆ ಹೊದಿಸಿದ ಒಂದು ಚಾದರ ಇದ್ದ ಹಾಗೆ, ಅದು ಜಾರಿದರೆ ಕೆಳಗಿನದೆಲ್ಲ ಬಟಾಬಯಲು. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್‌ನ ಇಂಥದ್ದೇ ತೂತು ಬಯಲಾಗಿತ್ತು: ಒಬ್ಬರ ಮಕ್ಕಳು ಆಟಕ್ಕೆ ಕೀಬೋರ್ಡನ್ನೂ ಪರದೆ ಮೇಲಿನ ಕೀಬೋರ್ಡನ್ನೂ ಸುಮ್ನೆ ಕುಟ್ಟಿ ಲಾಕರ್ ಬೀಳಿಸಿ ಒಳಗೆ ಹೋಗಿಬಿಟ್ಟಿದ್ದರು. ಎಕ್ಸ್11ರ ಜಾಗಕ್ಕೆ ಬಂದ ಈಗಿನ ವೇಲ್ಯಾಂಡ್‌ನಲ್ಲಿ ಲಾಕರ್ ಸತ್ತರೂ ಬಾಗಿಲು ಹಾಕಿಯೇ ಇರುತ್ತದೆ. ಅದಕ್ಕೇ "ಲಾಕರ್ ಕಿಲ್ ಮಾಡಿ ಸಾಕು" ಅನ್ನುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ.

ಎರಡನೇ ಹೆಜ್ಜೆ, ಬೇರೆ ದಾರಿಯಿಂದ ಬೀಗ ತೆಗೆಯುವುದು. ಇಲ್ಲೇ ಎಲ್ಲರೂ ಎಡವುವುದು. ನಿಧಾನವಾಗಿ ಓದಿ. ನಾನು ಹೇಳುತ್ತಿರುವುದು ಕುಬುಂಟು ಥರದ ಲಿನಕ್ಸ್, ಅಂದರೆ ಕೆಡಿಇ ಪ್ಲಾಸ್ಮಾ ಅನ್ನುವ ಡೆಸ್ಕ್‌ಟಾಪ್ ಇರುವ ಮಷಿನ್‌ಗೆ. ಗ್ನೋಮ್ ಅನ್ನುವ ಇನ್ನೊಂದು ಬಗೆಯಲ್ಲಿ ಬೀಗ ಡೆಸ್ಕ್‌ಟಾಪಿನ ಒಳಗೇ ಸೇರಿಕೊಂಡಿದೆ, ಅಲ್ಲಿನ ಕಥೆ ಬೇರೆ. ಕಮಾಂಡ್‌ಗಳನ್ನು ಕನ್ನಡದಲ್ಲಿ ಉಚ್ಚಾರದ ಹಾಗೆ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ; ಸಿಟಿಎಲ್ ಅಂದರೆ ಸಿ, ಟಿ, ಎಲ್ ಮೂರೇ ಅಕ್ಷರ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಏನೂ ಆಗಲಿಲ್ಲವಾ? ಲ್ಯಾಪ್‌ಟಾಪ್‌ನಲ್ಲಿ ಎಫ್3 ಕೀ ವಾಲ್ಯೂಮ್ ಥರದ ಬೇರೆ ಕೆಲಸಕ್ಕೆ ಹೋಗಿರಬಹುದು, ಜೊತೆಗೆ ಎಫ್ಎನ್ ಕೀ ಕೂಡ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಅಂತ ಬರುತ್ತದೆ. ಯೂಸರ್ ಹೆಸರು ಹಾಕಿ ಎಂಟರ್, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೆಯುವಾಗ ಚುಕ್ಕೆ, ನಕ್ಷತ್ರ ಏನೂ ಕಾಣಿಸುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ತಿಳಿದು ಮತ್ತೆ ಮತ್ತೆ ಕುಟ್ಟುತ್ತಾರೆ, ಕುಟ್ಟಬೇಡಿ. ಕೆಲವು ಲಿನಕ್ಸ್‌ಗಳಲ್ಲಿ ಮೂರು ಸಲ ತಪ್ಪಿದರೆ 10 ನಿಮಿಷ ಸರಿಯಾದ ಪಾಸ್‌ವರ್ಡನ್ನೂ ಒಪ್ಪುವುದಿಲ್ಲ.

ಈಗ ಲಾಗಿನ್‌ಸಿಟಿಎಲ್, ಒಂದು ಸ್ಪೇಸ್, ಲಿಸ್ಟ್-ಸೆಷನ್ಸ್ ಅಂತ ಹಾಕಿ ಎಂಟರ್ ಒತ್ತಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು ಎರಡು ಮೂರು ಸಲ ಇದ್ದರೆ ಗಾಬರಿ ಬೇಡ. ಟಿಟಿವೈ3 ಅಂತ ಇರುವುದು ನೀವು ಈಗಷ್ಟೇ ತೆರೆದ ಕಪ್ಪು ಪರದೆ. ಸೀಟ್ ಕಾಲಂನಲ್ಲಿ ಗೀಟು ಮಾತ್ರ ಇರುವ ಸಾಲನ್ನೂ ಬಿಡಿ. ಸೀಟ್0 ಇದ್ದು, ಟಿಟಿವೈ3 ಅಲ್ಲದ ಸಾಲು ಯಾವುದೋ ಅದೇ ನಿಮ್ಮ ಡೆಸ್ಕ್‌ಟಾಪ್. ಆ ಸಾಲಿನ ಮೊದಲ ಅಂಕಿ 2 ಅಂತಿಟ್ಟುಕೊಳ್ಳಿ. ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ 2 ಅಂತ ಹೊಡೆಯಿರಿ. ಅಂಕಿ ಮರೆತರೆ ಆ ಕಮಾಂಡ್ ನೀವು ಕೂತಿರುವ ಕಪ್ಪು ಪರದೆಯನ್ನೇ ಅನ್‌ಲಾಕ್ ಮಾಡಿ ಸುಮ್ಮನಾಗುತ್ತದೆ, ತಪ್ಪು ಅಂತ ಕೂಡ ಹೇಳುವುದಿಲ್ಲ, ನೀವು ವಾಪಸ್ ಹೋಗಿ ನೋಡಿದರೆ ಬೀಗ ಅಲ್ಲೇ ಇರುತ್ತದೆ. ನಾನು ನೋಡಿದವರಲ್ಲಿ ಜಾಸ್ತಿ ಜನ ಸೋತಿದ್ದು ಈ ಒಂದು ಅಂಕಿಯಲ್ಲಿ.

ವಾಪಸ್ ಹೋಗಲು ಕಂಟ್ರೋಲ್, ಆಲ್ಟ್ ಜೊತೆ ಎಫ್1, ಎಫ್2, ಎಫ್7 ಒಂದೊಂದಾಗಿ ಒತ್ತಿ ನೋಡಿ. ಡೆಸ್ಕ್‌ಟಾಪ್ ಸಿಕ್ಕಿತಾ? ಮೊದಲು ಎಲ್ಲ ಸೇವ್ ಮಾಡಿ. ಆಮೇಲೆ ಚಹಾ. ಟಿಟಿವೈ3ಕ್ಕೆ ಮತ್ತೆ ಹೋಗಿ ಎಕ್ಸಿಟ್ ಹೊಡೆದು ಬನ್ನಿ, ಇಲ್ಲದಿದ್ದರೆ ಆ ಹಿಂಬಾಗಿಲು ತೆರೆದೇ ಇರುತ್ತದೆ.

ಮೂರನೆಯದು, ಯಾಕೆ ಕೆಟ್ಟಿತು ಅಂತ ಹುಡುಕುವುದು. ಕಮಾಂಡ್‌ಗೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇವತ್ತು ಅಪ್‌ಡೇಟ್ ಹಾಕಿ, ಲಾಗ್‌ಔಟ್ ಮಾಡದೆ ಹಾಗೇ ಕೆಲಸ ಮುಂದುವರಿಸಿದಿರಾ? ಕಾಕಾ ಮಾಡಿದ್ದು ಅದನ್ನೇ. ಡೆಸ್ಕ್‌ಟಾಪ್ ಹಳೇ ಕ್ಯೂಟಿ ಲೈಬ್ರರಿ (ಕಿಟಕಿ, ಬಟನ್ ಎಲ್ಲ ಬಿಡಿಸುವ ಕೋಡ್) ಹಿಡಿದು ಓಡುತ್ತಿರುತ್ತದೆ, ಲಾಕರ್ ಮಾತ್ರ ಬೀಗ ಹಾಕುವ ಹೊತ್ತಿಗೆ ಹೊಸದಾಗಿ ಹುಟ್ಟುತ್ತದೆ, ಅದಕ್ಕೆ ಸಿಗುವುದು ಹೊಸ ಲೈಬ್ರರಿ, ಇಬ್ಬರಿಗೂ ಹೊಂದುವುದಿಲ್ಲ. ದೊಡ್ಡ ಅಪ್‌ಡೇಟ್ ಆದಮೇಲೆ ರೀಸ್ಟಾರ್ಟ್ ಮಾಡಿ, ಇದರಲ್ಲಿ ಚೌಕಾಸಿ ಇಲ್ಲ.

ಅದಲ್ಲವಾದರೆ ಥೀಮ್. ಬಣ್ಣಬಣ್ಣದ ಲಾಕ್‌ಸ್ಕ್ರೀನ್ ಥೀಮ್, ಓಡುವ ವಿಡಿಯೋ ವಾಲ್‌ಪೇಪರ್ ಇಳಿಸಿಕೊಂಡಿದ್ದರೆ ಈಗಲೇ ಕಿತ್ತು ಹಾಕಿ. ಯಾರೋ ಬರೆದು ಕೈಬಿಟ್ಟ ಕೋಡ್ ನಿಮ್ಮ ಬೀಗದೊಳಗೆ ಯಾಕೆ ಬೇಕು? ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಲಾಕಿಂಗ್‌ಗೆ ಹೋಗಿ ಹಿನ್ನೆಲೆಗೆ ಒಂದೇ ಬಣ್ಣ ಇಡಿ. ನನ್ನದು ಕಡು ನೀಲಿ, ಅಷ್ಟು ಸಾಕು.

ಇನ್ನೂ ಬೀಳುತ್ತಿದ್ದರೆ ಟರ್ಮಿನಲ್ ತೆರೆದು ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಹೊಡೆಯಿರಿ. ಬಿದ್ದ ಪ್ರೋಗ್ರಾಂಗಳ ಹೆಸರು ಹೊತ್ತಿನ ಸಮೇತ ಬರುತ್ತದೆ. ಆ ಕಮಾಂಡೇ ಇಲ್ಲ ಅಂದರೆ ಸಿಸ್ಟಮ್‌ಡಿ-ಕೋರ್‌ಡಂಪ್ ಪ್ಯಾಕೇಜ್ ಹಾಕಿಕೊಂಡು ಮುಂದಿನ ಸಲ ಬೀಳುವವರೆಗೆ ಕಾಯಬೇಕು. ಪಟ್ಟಿಯಲ್ಲಿ ಕೆಸ್ಕ್ರೀನ್‌ಲಾಕರ್_ಗ್ರೀಟ್ ಇದ್ದರೆ ಅವನೇ ಕಳ್ಳ. ಲಿಸ್ಟ್ ಬದಲು ಇನ್ಫೋ ಅಂತ ಹಾಕಿ ಆ ಸಾಲಿನ ಪಿಐಡಿ ಕಾಲಂನ ಅಂಕಿ ಕೊಟ್ಟರೆ ಉದ್ದದ ಸಾಲುಗಳು ಬರುತ್ತವೆ. ಎಲ್ಲ ಅರ್ಥವಾಗಬೇಕಿಲ್ಲ. ಎನ್ವಿಡಿಯಾ ಹೆಸರು ಮೇಲಿನ ಸಾಲುಗಳಲ್ಲೇ ಕಂಡರೆ ಅದರ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಇಡಿ, ಅದರಲ್ಲೂ ಮಷಿನ್ ಸ್ಲೀಪ್‌ಗೆ ಹೋಗಿ ಎದ್ದ ಮೇಲೆ ಮಾತ್ರ ಹೀಗಾಗುತ್ತಿದ್ದರೆ. ಕ್ಯೂಟಿ ಹೆಸರೇ ತುಂಬಿದ್ದರೆ ಥೀಮ್ ಅಥವಾ ಅಪ್‌ಡೇಟ್ ಕಡೆ ಮತ್ತೊಮ್ಮೆ ನೋಡಿ.

ಒಂದು ಮಾತು ನಮ್ಮವರಿಗೆ ಮಾತ್ರ. ಕನ್ನಡದಲ್ಲಿ ಟೈಪ್ ಮಾಡುತ್ತಾ ಹಾಗೇ ಲಾಕ್ ಆಗಿದ್ದರೆ ಪಾಸ್‌ವರ್ಡ್ ಕೂಡ ಕನ್ನಡ ಅಕ್ಷರದಲ್ಲೇ ಬೀಳಬಹುದು, ಚುಕ್ಕೆಗಳ ಹಿಂದೆ ನಿಮಗೆ ಕಾಣಿಸುವುದಿಲ್ಲ. ಲಾಕರ್ ಕೆಟ್ಟಿಲ್ಲ, ಭಾಷೆ ಬದಲಿಸಿ ಅಷ್ಟೇ.

ಬೀಗವೇ ತೆಗೆದುಬಿಡಿ ಅನ್ನುವವರು ಇದ್ದಾರೆ. ಹಿಂಜವಡಿಯ ಪಿಜಿಯಲ್ಲಿ ನಾಲ್ಕು ಜನರ ಜೊತೆ ಇರುವ ನನ್ನ ಅಣ್ಣನ ಮಗ ಹಾಗೇ ಮಾಡಿದ್ದ, ಬೈದು ಮತ್ತೆ ಹಾಕಿಸಿದೆ.

ಕೊನೆಗೆ ಪರೀಕ್ಷೆ. ಎಲ್ಲ ಸೇವ್ ಮಾಡಿ, ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ, ಪರದೆ ತಾನಾಗಿ ಆರುವವರೆಗೆ ಕಾಯಿರಿ, ಆಮೇಲೆ ಎಬ್ಬಿಸಿ. ಹೊರಗಿನ ಮಾನಿಟರ್ ಇದ್ದರೆ ಲಾಕ್ ಆಗಿರುವಾಗ ಅದರ ಕೇಬಲ್ ಕಿತ್ತು ಮತ್ತೆ ಚುಚ್ಚಿ ನೋಡಿ, ಏಕೆಂದರೆ ಕೆಲವು ಲಾಕರ್‌ಗಳು ಬೀಳುವುದು ಆ ಹೊತ್ತಿಗೇ.