ಗುಂಪಾಗಿ ಹಕ್ಕಿ ಫೋಟೊ: ಮಿಂಚುಳ್ಳಿ ಬಿಟ್ಟು ಪೊದೆ ಕಡೆ ತಿರುಗಿ

ಐದು ಜನ, ಐದು ಕ್ಯಾಮೆರಾ, ಎದುರಿಗೆ ಒಂದು ಮಿಂಚುಳ್ಳಿ. ಐದೂ ಜನ ಅದನ್ನೇ ತೆಗೆಯುತ್ತಾರೆ. ಅದು ಮೀನು ಹಿಡಿದಾಗ ತೆಗೆಯುತ್ತಾರೆ, ಮೀನನ್ನು ಕೊಂಬೆಗೆ ಬಡಿದಾಗ ತೆಗೆಯುತ್ತಾರೆ, ನುಂಗಿ ಸುಮ್ಮನೆ ಕೂತ ಮೇಲೂ ತೆಗೆಯುತ್ತಾರೆ. ಅಷ್ಟರಲ್ಲಿ ಬೆನ್ನ ಹಿಂದಿನ ಪೊದೆಗೆ ಮೂರು ಬೇರೆ ಬೇರೆ ಹಕ್ಕಿ ಬಂದು ಹೋಗಿರುತ್ತವೆ. ಸಂಜೆ ಲೆಕ್ಕಕ್ಕೆ ಕೂತರೆ ಐವರ ಕಾರ್ಡಿನಲ್ಲೂ ಅದೇ 40 ಜಾತಿ. ಎಷ್ಟೋ ತಂಡಗಳಲ್ಲಿ ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ, ಅದಕ್ಕೇ ಈ ಲೇಖನ.

ಒಂದು ದಿನವೋ ಒಂದು ವರ್ಷವೋ ಗಡುವು ಇಟ್ಟುಕೊಂಡು, ತಂಡವಾಗಿ ಆದಷ್ಟು ಜಾಸ್ತಿ ಜಾತಿಯ ಹಕ್ಕಿಗಳ ಫೋಟೊ ತೆಗೆಯುವುದು ತುಂಬ ಒಳ್ಳೆಯ ಕೆಲಸ. ಹಕ್ಕಿ ಎಣಿಕೆ ಮೊದಲಿನಿಂದಲೂ ಗುಂಪಿನ ಕೆಲಸವೇ. 1900ರ ಕ್ರಿಸ್‌ಮಸ್ ದಿನ, ಹಬ್ಬದ ಹೆಸರಿನಲ್ಲಿ ಹಕ್ಕಿ ಹೊಡೆಯುವ ಪೈಪೋಟಿ ಬೇಡ, ಎಣಿಸೋಣ ಎಂದು ಫ್ರಾಂಕ್ ಚಾಪ್‌ಮನ್ ಅಮೆರಿಕದಲ್ಲಿ ಎಣಿಕೆ ಶುರು ಮಾಡಿದಾಗ 27 ಜನ 25 ಜಾಗಗಳಲ್ಲಿ ಕೈಜೋಡಿಸಿದ್ದರು. ಅವರ ಕೈಯಲ್ಲಿ ಇಂಥ ಕ್ಯಾಮೆರಾ ಇರಲಿಲ್ಲ. ನಮ್ಮ ಕೈಯಲ್ಲಿದೆ, ಸರಿಯಾಗಿ ಬಳಸೋಣ.

ಮೊದಲು ನಿಯಮ ಬರೆದಿಡಿ

ಬಾಯಲ್ಲಿ ಮಾತಾಡಿಕೊಂಡರೆ ಸಾಲದು, ಬರೆದಿಡಿ. ದನಿ ಮಾತ್ರ ಕೇಳಿದ ಹಕ್ಕಿ ಲೆಕ್ಕಕ್ಕಿಲ್ಲ. ಪಂಜರದ ಹಕ್ಕಿ, ಮೃಗಾಲಯದ ಹಕ್ಕಿ, ಯಾರದೋ ಮನೆಯಿಂದ ತಪ್ಪಿಸಿಕೊಂಡ ಗಿಳಿ ಲೆಕ್ಕಕ್ಕಿಲ್ಲ. ಎರಡು ಜಾತಿಗಳ ಮಿಶ್ರತಳಿ ಲೆಕ್ಕಕ್ಕಿಲ್ಲ. ತಂಡದ ಒಬ್ಬರು, ಗಡುವಿನ ಒಳಗೆ, ತಾವೇ ತೆಗೆದ ಫೋಟೊ ಮಾತ್ರ ಲೆಕ್ಕಕ್ಕೆ.

ಇನ್ನೊಂದು, ಯಾವ ಪಟ್ಟಿಯ ಪ್ರಕಾರ ಜಾತಿ ಎಣಿಸುತ್ತೀರಿ ಎಂದು ಮೊದಲೇ ತೀರ್ಮಾನ ಮಾಡಿ. ಹಕ್ಕಿಗಳ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಒಂದೇ ಜಾತಿ ಎಂದುಕೊಂಡಿದ್ದ ಕಣಜ ಗೂಬೆಯನ್ನು, ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್ 2024ರಲ್ಲಿ ಮೂರು ಜಾತಿಗಳಾಗಿ ಒಡೆಯಿತು. ಬೇರೆ ಬೇರೆ ಪಟ್ಟಿಗಳನ್ನು ಒಂದುಗೂಡಿಸಲು 2025ರಲ್ಲಿ ಬಂದ ಅವಿಲಿಸ್ಟ್ ಪ್ರಕಾರ ಜಗತ್ತಿನಲ್ಲಿ 11,131 ಜಾತಿಗಳಿವೆ. ಇಬ್ಬರು ಎರಡು ಪಟ್ಟಿ ಹಿಡಿದು ಕೂತರೆ ಕೊನೆಗೆ ಜಗಳವೇ. ನನ್ನ ಮಾತು ಕೇಳಿದರೆ ಇ-ಬರ್ಡ್ ಬಳಸಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಇದನ್ನು 2002ರಿಂದ ನಡೆಸುತ್ತಿದೆ, ಒಬ್ಬರು ಬರೆದ ಪಟ್ಟಿಯನ್ನು ಜೊತೆಗಿದ್ದವರೆಲ್ಲ ಹಂಚಿಕೊಳ್ಳಬಹುದು, ಫೋಟೊವನ್ನೂ ಅಲ್ಲೇ ಸೇರಿಸಬಹುದು.

ಕೆಲಸ ಹಂಚಿಕೊಳ್ಳಿ

ಒಂದು ಗುಂಪಿಗೆ ನಾಲ್ಕು ಜನ ಸಾಕು. ಆರು ದಾಟಿದರೆ ಹಕ್ಕಿ ಹಾರಿಹೋಗುತ್ತದೆ, ಎರಡು ಗುಂಪು ಮಾಡಿ. ಒಬ್ಬರು ಆಕಾಶ ಮತ್ತು ಮರದ ತುದಿ ನೋಡಲಿ. ಒಬ್ಬರು ಪೊದೆ ಮತ್ತು ನೆಲ. ನೀರಿದ್ದರೆ ನೀರಿಗೆ ಒಬ್ಬರು. ನಾಲ್ಕನೆಯವರ ಕೈಗೆ ಕ್ಯಾಮೆರಾ ಕೊಡಲೇಬೇಡಿ. ಬೈನಾಕ್ಯುಲರ್, ಪಟ್ಟಿ ಮತ್ತು ಕಿವಿ, ಇಷ್ಟೇ ಅವರದು. ಇದನ್ನು ಹೇಳಿದಾಗ ಎಲ್ಲರೂ ಮುಖ ಸಿಂಡರಿಸುತ್ತಾರೆ, ಫೋಟೊ ತೆಗೆಯಲೆಂದೇ ಬಂದವರು ಅಲ್ವಾ. ಆದರೆ ಲೆನ್ಸಿನೊಳಗೆ ಕಣ್ಣಿಟ್ಟವರಿಗೆ ಬೇರೆ ಏನೂ ಕಾಣುವುದಿಲ್ಲ. ಕ್ಯಾಮೆರಾ ಇಲ್ಲದ ಆ ಒಬ್ಬರೇ ತಂಡಕ್ಕೆ ಅತಿ ಹೆಚ್ಚು ಜಾತಿ ಹುಡುಕಿಕೊಡುತ್ತಾರೆ. ಎರಡು ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳಿ.

ಒಂದು ಜಾತಿಗೆ ಗುರುತು ಹಿಡಿಯುವಂಥ ಫೋಟೊ ಸಿಕ್ಕ ತಕ್ಷಣ "ಆಯ್ತು" ಎಂದು ಜೋರಾಗಿ ಅಲ್ಲದಿದ್ದರೂ ಎಲ್ಲರಿಗೂ ಕೇಳುವಂತೆ ಹೇಳಿ. ಉಳಿದವರು ಅದನ್ನು ಬಿಟ್ಟು ಮುಂದೆ ಹೋಗಬೇಕು. ಚಂದದ ಫೋಟೊ ಬೇಕೆನಿಸಿದರೆ ಇನ್ನೊಂದು ದಿನ ಒಬ್ಬರೇ ಬಂದು ತೆಗೆದುಕೊಳ್ಳಿ.

ಕ್ಯಾಮೆರಾ ತಯಾರಿ

ಎಲ್ಲರ ಕ್ಯಾಮೆರಾದ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ. ಹೊಂದಿಸಲು ಬರದಿದ್ದರೆ ಒಂದು ಫೋನಿನ ಗಡಿಯಾರವನ್ನು ಸೆಕೆಂಡು ಕಾಣುವ ಹಾಗೆ ತೆರೆದಿಟ್ಟು, ಎಲ್ಲರೂ ಅದರ ಫೋಟೊ ತೆಗೆದುಕೊಳ್ಳಿ. ಎಷ್ಟು ವ್ಯತ್ಯಾಸ ಎಂದು ಆಮೇಲೆ ಲೆಕ್ಕ ಹಾಕಬಹುದು. ಇದನ್ನು ಮರೆಯಬೇಡಿ, ಸಂಜೆ ಇದರ ಬೆಲೆ ಗೊತ್ತಾಗುತ್ತದೆ.

ಕೂತ ಸಣ್ಣ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡು, ಹಾರುವುದಕ್ಕೆ 1/2000 ಅಥವಾ ಇನ್ನೂ ಜಾಸ್ತಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಎನ್ನುವ ಅಳತೆ) ಆಟೊ ಇರಲಿ. ಕಾಳು ಕಾಳಾಗಿ ಬಂದ ಫೋಟೊದಲ್ಲಿ ಹಕ್ಕಿ ಗುರುತು ಸಿಗುತ್ತದೆ, ಅಲುಗಾಡಿದ ಫೋಟೊದಲ್ಲಿ ಸಿಗುವುದಿಲ್ಲ. ಬಿಳಿ ಆಕಾಶದ ಎದುರು ಹಕ್ಕಿ ಬರೀ ಕಪ್ಪು ನೆರಳಾಗುತ್ತದೆ, ಆಗ ಎಕ್ಸ್‌ಪೋಷರನ್ನು, ಅಂದರೆ ಫೋಟೊಗೆ ಸಿಗುವ ಬೆಳಕನ್ನು, +1 ಅಥವಾ ಸ್ವಲ್ಪ ಜಾಸ್ತಿ ಮಾಡಿ. 400 ಎಂಎಂ ಲೆನ್ಸ್ ಇದ್ದರೆ ಧಾರಾಳ ಸಾಕು. ಲೆನ್ಸಿನ ಮುಂದೆ ತಿರುಪಿ ಹಾಕುವ ಅಗ್ಗದ "ಟೆಲಿ" ಗಾಜುಗಳನ್ನು ಮಾತ್ರ ಕೊಳ್ಳಬೇಡಿ. ಹಕ್ಕಿ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಗರಿಯ ಅಂಚು ಎಲ್ಲ ಕಲಸಿಹೋಗಿರುತ್ತದೆ. ಅದಕ್ಕಿಂತ ಬರೀ ಲೆನ್ಸಿನಲ್ಲಿ ಸಣ್ಣದಾಗಿ ತೆಗೆದು ಕತ್ತರಿಸಿಕೊಳ್ಳುವುದು ಸಾವಿರ ಪಾಲು ಮೇಲು.

ಬೆಳಗಾದ ಮೊದಲ ಎರಡು ಮೂರು ಗಂಟೆಯೊಳಗೆ ಆದಷ್ಟು ಮುಗಿಸಿ. ನೆಲ ಕಾದ ಮೇಲೆ ಬಿಸಿ ಗಾಳಿ ಅಲೆಯಾಡುತ್ತದೆ, ದೂರದ ಹಕ್ಕಿ ನೀರಿನೊಳಗೆ ಇದ್ದ ಹಾಗೆ ಬರುತ್ತದೆ. ಎಂಥ ಲೆನ್ಸಿದ್ದರೂ ಅದಕ್ಕೆ ಮದ್ದಿಲ್ಲ.

ಗುರುತು ಸಿಗುವ ಹಾಗೆ ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ.

ನವಿಲು, ಮಿಂಚುಳ್ಳಿ, ಮರಕುಟಿಕ ಇವೆಲ್ಲ ಹೇಗೆ ತೆಗೆದರೂ ಗುರುತು ಸಿಗುತ್ತವೆ. ಪಟ್ಟಿ ಉದ್ದ ಆಗುವುದು ಎಲೆಗಳ ನಡುವೆ ಚಡಪಡಿಸುವ ಉಲಿಯಕ್ಕಿಗಳಿಂದ, ಕೆಸರಿನ ಅಂಚಿನ ಕಂದು ಬಣ್ಣದ ಗೊರವಗಳಿಂದ, ಮೇಲೆ ತೇಲುವ ಗಿಡುಗಗಳಿಂದ. ಇವುಗಳಲ್ಲಿ ಒಂದೊಂದು ಗುಂಪಿನಲ್ಲೂ ಒಂದನ್ನೊಂದು ಹೋಲುವ ಹತ್ತಾರು ಜಾತಿಗಳಿವೆ. ಜನ ಮಾಡುವ ತಪ್ಪು ಏನೆಂದರೆ, ಹಕ್ಕಿಯ ಕಣ್ಣು ಹೊಳೆಯುವ, ಹಿಂದಿನ ಹಸಿರು ಮಸುಕಾದ, ಪಕ್ಕದಿಂದ ಕಾಣುವ ಒಂದು ಸುಂದರ ಫೋಟೊ ಸಿಕ್ಕಿದ ಕೂಡಲೇ ಕ್ಯಾಮೆರಾ ಇಳಿಸಿಬಿಡುತ್ತಾರೆ. ಗೋಡೆಗೆ ತೂಗುಹಾಕಲು ಅದು ಚೆನ್ನ. ಆದರೆ ಜಾತಿ ಹೇಳುವ ಗುರುತು ಅದರಲ್ಲಿ ಇಲ್ಲದೆ ಇರಬಹುದು.

ಉಲಿಯಕ್ಕಿಯನ್ನೇ ತೆಗೆದುಕೊಳ್ಳಿ. ನೋಡಬೇಕಾದದ್ದು ಹುಬ್ಬಿನ ಗೆರೆ ಎಷ್ಟು ಉದ್ದ, ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇದೆಯೋ ಇಲ್ಲವೋ, ಇದ್ದರೆ ಒಂದೋ ಎರಡೋ, ಕೆಳಗಿನ ಕೊಕ್ಕಿನ ಬಣ್ಣ ಏನು, ಕಾಲಿನ ಬಣ್ಣ ಏನು, ಮಡಿಚಿದ ರೆಕ್ಕೆಯ ತುದಿ ಎಷ್ಟು ಹಿಂದಕ್ಕೆ ಚಾಚಿದೆ. ಚಿಫ್‌ಚಾಫ್ ಮತ್ತು ವಿಲೋ ವಾರ್ಬ್ಲರ್ ಎಂಬ ಎರಡು ಜಾತಿಗಳಿವೆ, ಪಕ್ಕಪಕ್ಕ ಇಟ್ಟರೂ ಅವಳಿಗಳ ಹಾಗೆ. ಮೊದಲನೆಯದರ ಕಾಲು ಸಾಮಾನ್ಯವಾಗಿ ಕಪ್ಪು, ರೆಕ್ಕೆ ತುದಿ ಗಿಡ್ಡ. ಎರಡನೆಯದರ ಕಾಲು ಹೆಚ್ಚಾಗಿ ತಿಳಿ, ರೆಕ್ಕೆ ತುದಿ ಉದ್ದ. ಕಾಲು ಎಲೆಯ ಹಿಂದೆ ಮರೆಯಾಗಿದ್ದರೆ ನಿಮ್ಮ ಚಂದದ ಫೋಟೊ ಅರ್ಧ ಕೆಲಸಕ್ಕೆ ಬಾರದು. ಹಾಗಾಗಿ ಹಕ್ಕಿ ಸ್ಥಿರವಾಗಿ ಕೂರಲಿ ಎಂದು ಕಾಯಬೇಡಿ, ಒಂದೇ ಸಮನೆ ಫೋಟೊ ಹೊಡೆಯುತ್ತಾ ಹೋಗಿ. ತಲೆಕೆಳಗಾಗಿ ನೇತಾಡುವಾಗ, ಬೆನ್ನು ತಿರುಗಿಸಿದಾಗ, ಹಾರಲು ರೆಕ್ಕೆ ಬಿಚ್ಚಿದಾಗ ತೆಗೆದ ಅಂದಗೆಟ್ಟ ಫೋಟೊಗಳೇ ಬಂಗಾರ. ಜೊತೆಗೆ ಫೋನಿನಲ್ಲಿ ಅದರ ದನಿ ಧ್ವನಿಮುದ್ರಿಸಿಕೊಳ್ಳಿ. ದನಿ ಲೆಕ್ಕಕ್ಕೆ ಬರದಿದ್ದರೂ ಫೋಟೊದ ಹಕ್ಕಿ ಯಾವುದೆಂದು ಹೇಳಲು ಎಷ್ಟೋ ಸಲ ಅದೇ ಕೊನೆಯ ಸಾಕ್ಷಿ.

ನೀರಿನ ಬದಿಯ ಹಕ್ಕಿಗಳಿಗೆ ಹಾರುವ ಕ್ಷಣವೇ ಮುಖ್ಯ. ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ವುಡ್ ಸ್ಯಾಂಡ್‌ಪೈಪರ್ ಎಂಬ ಎರಡು ಗೊರವಗಳು ನಿಂತಾಗ ಹೊಸಬರಿಗೆ ಒಂದೇ. ಹಾರಿದಾಗ ಮೊದಲನೆಯದರ ರೆಕ್ಕೆಯ ಒಳಭಾಗ ಕಪ್ಪು, ಎರಡನೆಯದರದು ತಿಳಿ ಬಣ್ಣ. ಸ್ನೈಪ್ ಎಂದರೆ ಕೆಸರಿನಲ್ಲಿ ಮೇಯುವ ಉದ್ದ ಕೊಕ್ಕಿನ ಹಕ್ಕಿ. ಕಾಮನ್ ಸ್ನೈಪ್ ರೆಕ್ಕೆ ಬಿಚ್ಚಿದರೆ ಹಿಂದಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ಪಿನ್‌ಟೇಲ್ ಸ್ನೈಪಿನಲ್ಲಿ ಹಾಗೆ ಕಾಣುವುದಿಲ್ಲ. ಹಾಗಂತ ಹಕ್ಕಿಯನ್ನು ಎಬ್ಬಿಸಲು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ಮಹಾ ತಪ್ಪು. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೇಯುತ್ತಿರುವ ಜೀವ ಅದು. ಕಾದು ಕೂತರೆ ತಾನಾಗಿ ಹಾರುತ್ತದೆ, ಇಲ್ಲದಿದ್ದರೆ ಮೈಮುರಿಯಲು ಒಮ್ಮೆಯಾದರೂ ರೆಕ್ಕೆ ಎತ್ತುತ್ತದೆ. ಒಬ್ಬರು ಅದರ ಮೇಲೆ ಫೋಕಸ್ ಇಟ್ಟು ಕಾಯಲಿ, ಉಳಿದವರು ಬೇರೆ ಹುಡುಕಲಿ. ಗುಂಪಿನಲ್ಲಿ ಬಂದಿರುವ ಲಾಭ ಅದೇ.

ಗಿಡುಗ, ಹದ್ದುಗಳಿಗೆ ನೇರ ಕೆಳಗಿನಿಂದ, ರೆಕ್ಕೆ ಪೂರ್ತಿ ಹರಡಿದಾಗಿನ ಫೋಟೊ ಬೇಕು. ರೆಕ್ಕೆ ತುದಿಯಲ್ಲಿ ಬಿಡಿಬಿಡಿಯಾಗಿ ಬೆರಳಿನಂತೆ ಕಾಣುವ ಗರಿಗಳನ್ನು ಎಣಿಸುತ್ತಾರೆ. ಶಿಕ್ರಾಕ್ಕೆ ಐದು ಬೆರಳು, ಯುರೇಷಿಯನ್ ಸ್ಪ್ಯಾರೊಹಾಕಿಗೆ ಆರು. ಒಂದು ಗರಿ ಉದುರಿ ಹೊಸದು ಬರುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಎರಡೂ ರೆಕ್ಕೆ ಕಾಣಬೇಕು. ಬಾಲದ ಪಟ್ಟಿಗಳೂ ಕಾಣಬೇಕು. ಬೆಳ್ಳಕ್ಕಿಗಳಿಗೆ ಮುಖದ ಹತ್ತಿರದ ಫೋಟೊ ತೆಗೆಯಿರಿ. ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ ಬೆಳ್ಳಕ್ಕಿ. ಗಾತ್ರ ನೋಡಿ ಹೇಳಬೇಡಿ. ಪಕ್ಕದಲ್ಲಿ ಬೇರೆ ಹಕ್ಕಿ ಇಲ್ಲದಿದ್ದರೆ ಫೋಟೊದಲ್ಲಿ ಗಾತ್ರ ಸುಳ್ಳು ಹೇಳುತ್ತದೆ. ಇದ್ದರೆ ಎರಡನ್ನೂ ಸೇರಿಸಿಯೇ ಒಂದು ಫೋಟೊ ತೆಗೆದುಕೊಳ್ಳಿ.

ಇನ್ನು ಬಣ್ಣ. ಕೆಸರು ಮೆತ್ತಿದ ಕಾಲು, ಸಂಜೆಯ ಕೆಂಪು ಬೆಳಕು, ಎಲೆಯ ಹಸಿರು ನೆರಳು, ಇವೆಲ್ಲ ಮೋಸ ಮಾಡುತ್ತವೆ. ಅದೇ ಹಕ್ಕಿ ಬಿಸಿಲಿಗೆ ಬಂದಾಗ ಮತ್ತೊಮ್ಮೆ ತೆಗೆಯಿರಿ.

ಇವನ್ನು ಮಾಡಬೇಡಿ

ಗೂಡಿನ ಹತ್ತಿರ ಹೋಗಬೇಡಿ. ಗೂಡಿಗೆ ಅಡ್ಡ ಬಂದ ಕೊಂಬೆ ಕಡಿಯಬೇಡಿ, ಆ ಕೊಂಬೆಯೇ ಮರಿಗಳಿಗೆ ನೆರಳು ಮತ್ತು ಮರೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಮೇವು ಬಿಟ್ಟು, ಮರಿ ಬಿಟ್ಟು ಹುಡುಕಿಕೊಂಡು ಬರುತ್ತದೆ. ಒಬ್ಬರು ಒಮ್ಮೆ ಹಾಕಿದರೆ ಏನಾಯಿತು ಎನ್ನುತ್ತಾರೆ, ಆದರೆ ಆ ಒಂದೇ ಹಕ್ಕಿಗೆ ದಿನಕ್ಕೆ ಎಷ್ಟು ತಂಡ ಬರುತ್ತವೋ ಯೋಚಿಸಿ. ರಾತ್ರಿ ಗೂಬೆಗೆ ಫ್ಲ್ಯಾಷ್ ಬೇಡ. ಇವುಗಳಲ್ಲಿ ಯಾವುದನ್ನಾದರೂ ಮಾಡಿ ತಂದ ಫೋಟೊವನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂದು ನಿಯಮದಲ್ಲೇ ಬರೆಯಿರಿ. ಹಾಗೆ ಬರೆದಿದ್ದರೆ ಯಾರೂ ಮಾಡುವುದಿಲ್ಲ.

ಸಂಜೆಯ ಲೆಕ್ಕ

ಅದೇ ದಿನ ಕೂತು ಮುಗಿಸಿ. ವಾರ ಬಿಟ್ಟರೆ ಯಾವ ಹಕ್ಕಿ ಎಲ್ಲಿತ್ತು ಎನ್ನುವುದೇ ಮರೆತುಹೋಗುತ್ತದೆ. ಪ್ರತಿ ಜಾತಿಗೂ ಒಂದು ಫೋಲ್ಡರ್, ಅದಕ್ಕೆ ವೈಜ್ಞಾನಿಕ ಹೆಸರು. ಕನ್ನಡ ಹೆಸರುಗಳು ನನಗೆ ತುಂಬ ಇಷ್ಟ, ಆದರೆ ಒಂದೇ ಹಕ್ಕಿಗೆ ಊರಿಗೊಂದು ಹೆಸರಿದೆ, ಫೋಲ್ಡರಿನಲ್ಲಿ ಗೊಂದಲವಾಗುತ್ತದೆ.

ಫೋಟೊ ತೆಗೆದವರು ಮೊದಲು ಹೆಸರು ಹೇಳಬಾರದು. ಇದು ಬಹಳ ಮುಖ್ಯ. ಅವರು "ಇದು ಅಪರೂಪದ್ದು ಕಣ್ರೀ" ಎಂದುಬಿಟ್ಟರೆ ಎಲ್ಲರ ಕಣ್ಣಿಗೂ ಅದೇ ಕಾಣತೊಡಗುತ್ತದೆ. ಬೇರೆ ಇಬ್ಬರು ನೋಡಿ, ಯಾವ ಗುರುತಿನಿಂದ ಹೇಳುತ್ತೇವೆ ಎಂದು ತೋರಿಸಿ ಒಪ್ಪಬೇಕು. ಹಕ್ಕಿ ಗುರುತಿಸಿಕೊಡುವ ಮರ್ಲಿನ್ ಥರದ ಆ್ಯಪ್ ಹೇಳಿದ ಹೆಸರು ಸುಳಿವು ಮಾತ್ರ. ಆ್ಯಪ್ ಹೇಳಿತು ಎನ್ನುವುದು ಕಾರಣವಲ್ಲ. ಎಐ ಬಳಸಿ ಫೋಟೊ ಚುರುಕು ಮಾಡುವ ಸಾಫ್ಟ್‌ವೇರ್‌ಗಳನ್ನಂತೂ ಗುರುತು ಹಿಡಿಯುವ ಮುಂಚೆ ಮುಟ್ಟಬೇಡಿ. ಅವು ಇಲ್ಲದ ಗರಿಗಳನ್ನು ಬಿಡಿಸಿಬಿಡುತ್ತವೆ. ಮಸುಕಾಗಿದ್ದ ಕಡೆ ರೆಕ್ಕೆಪಟ್ಟಿ ಮೂಡಿದರೆ ಅದು ಹಕ್ಕಿಯದೋ ಯಂತ್ರದ್ದೋ ಹೇಗೆ ಹೇಳುತ್ತೀರಿ? ಕತ್ತರಿಸಿ, ಬೆಳಕು ಸರಿಮಾಡಿ, ಅಷ್ಟೇ.

ಫೋಟೊವನ್ನು ಅಂತರ್ಜಾಲಕ್ಕೆ ಹಾಕುವ ಮೊದಲು ಜಾಗದ ವಿವರ ನೋಡಿಕೊಳ್ಳಿ. ಫೋಟೊದ ಒಳಗೇ ಜಿಪಿಎಸ್ ಅಂಕಿ ಕೂತಿರುತ್ತದೆ. ಬೇಟೆಯ, ಕಳ್ಳಸಾಗಣೆಯ ಭಯವಿರುವ ಹಕ್ಕಿಗಳ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ, ಆದರೆ ನೀವು ಅದೇ ಫೋಟೊವನ್ನು ಇನ್ನೆಲ್ಲೋ ಜಾಗದ ಹೆಸರಿನ ಜೊತೆ ಹಾಕಿದರೆ ಆ ಮರೆ ಹೋಯಿತು. ಗೂಬೆ ಮಲಗುವ ಮರ, ಹದ್ದಿನ ಗೂಡು ಇವು ಎಲ್ಲಿವೆ ಎಂದು ಯಾರಿಗೂ ಹೇಳಬೇಡಿ.

ಕೊನೆಗೆ ಏನೂ ಬಗೆಹರಿಯದ ಹತ್ತಿಪ್ಪತ್ತು ಫೋಟೊ ಉಳಿಯುತ್ತವೆ. ಎಣಿಕೆ ಹೆಚ್ಚಿಸಲು ಅವುಗಳಿಗೆ ಸುಮ್ನೆ ಹೆಸರು ಅಂಟಿಸಬೇಡಿ, ಅಳಿಸಲೂ ಬೇಡಿ. "ಗೊತ್ತಿಲ್ಲ" ಎಂಬ ಫೋಲ್ಡರಿಗೆ ಹಾಕಿ, ಆಗಾಗ ತೆರೆದು ನೋಡಿ. ನಮ್ಮ ತಂಡದ ಒಂದು ಸ್ನೈಪ್ ಅಲ್ಲಿ ಎರಡು ವರ್ಷ ಕೂತಿತ್ತು. ಆಮೇಲೆ ಒಂದು ದಿನ, ಅದೇ ಬೆಳಗ್ಗೆ ಅದೇ ನಿಮಿಷದಲ್ಲಿ ಇನ್ನೊಬ್ಬರು ನೀರಿನ ಆಚೆ ದಡದಿಂದ ತೆಗೆದ ಫೋಟೊ ಸಿಕ್ಕಿತು. ಗಡಿಯಾರ ಹೊಂದಿಸಿದ್ದರಿಂದ ಅದೇ ಹಕ್ಕಿ ಎಂದು ಗೊತ್ತಾಯಿತು. ರೆಕ್ಕೆ ಬಿಚ್ಚಿತ್ತು, ಹಿಂದಂಚಿನಲ್ಲಿ ಬಿಳಿ ಗೆರೆ ನಿಚ್ಚಳವಾಗಿತ್ತು.